ಸಿಡಿ4 86 ಇರುವವರಿಗೆ ಸಣ್ಣ ಜ್ವರ, ಒಣಕೆಮ್ಮು, ತಲೆನೋವು: ಮುಂದಿನ ತಾರೀಖಿನವರೆಗೆ ಕಾಯಬಹುದಾ?

ಶಿರಾಸೀಮೆ | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಹೆಸರು ಹೇಳಿಕೊಳ್ಳದೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ವಿಷಯ ನಮ್ಮ ಮನೆಯಲ್ಲೇ ಎಲ್ಲರಿಗೂ ಗೊತ್ತಿಲ್ಲ.

ನಮ್ಮ ಅಕ್ಕನ ಯಜಮಾನರಿಗೆ 42 ವರ್ಷ. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಕಳೆದ ವರ್ಷದಿಂದ ಸೊರಗುತ್ತಾ ಬಂದರು. ಶುಗರ್ ಇರಬೇಕು ಅಂತ ಎಲ್ಲರೂ ಅಂದುಕೊಂಡೆವು, ಶುಗರ್ ಇರಲಿಲ್ಲ. ಕೊನೆಗೆ ಎಚ್‌ಐವಿ ಅಂತ ಬಂತು. ರೋಗನಿರೋಧಕ ಶಕ್ತಿ ಎಷ್ಟಿದೆ ಅಂತ ತೋರಿಸುವ ಸಿಡಿ4 ಕಣದ ಲೆಕ್ಕ 86. ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಸೆಂಟರ್‌ನಲ್ಲಿ ಟಿಎಲ್‌ಡಿ ಅನ್ನೋ ಎಚ್‌ಐವಿ ಮಾತ್ರೆ, ಜೊತೆಗೆ ಒಂದು ದೊಡ್ಡ ಬಿಳಿ ಮಾತ್ರೆ ಕೊಟ್ಟಿದ್ದಾರೆ. ಶುರು ಮಾಡಿ ಮೂರು ವಾರ ಆಗುತ್ತಾ ಬಂತು. ಅಕ್ಕನ ಟೆಸ್ಟ್ ನೆಗೆಟಿವ್ ಬಂದಿದೆ, ಇನ್ನೊಂದು ಸಲ ಮಾಡಿಸಲು ಹೇಳಿದ್ದಾರೆ.

ಈಗ ಸಂಜೆ ಹೊತ್ತು ಮೈ ಬಿಸಿ. ಥರ್ಮಾಮೀಟರ್ ಇಟ್ಟರೆ 99.5, ಹೆಚ್ಚೆಂದರೆ 100. ಒಣಕೆಮ್ಮು. ನಾಲಿಗೆ ಮೇಲೆ ಹಾಲಿನ ಕೆನೆ ಅಂಟಿದ ಹಾಗೆ ಬಿಳಿ. ಆಗಾಗ ತಲೆನೋವು. ಅಕ್ಕ "ಮಾತ್ರೆ ಉಷ್ಣ, ಎಳನೀರು ಕುಡೀರಿ" ಅಂತಾಳೆ. ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಕೆಮ್ಮಿನ ಸಿರಪ್ಪು, ಆಂಟಿಬಯಾಟಿಕ್ ಕೊಟ್ಟರು. ಅಲ್ಲಿ ಎಚ್‌ಐವಿ ವಿಷಯ ಹೇಳಲು ಭಾವ ಒಪ್ಪಲಿಲ್ಲ. ಎಆರ್‌ಟಿ ಸೆಂಟರ್‌ನ ಮುಂದಿನ ತಾರೀಖಿಗೆ ಇನ್ನೂ ಹತ್ತು ದಿನ ಇದೆ. ಕಾಯಬಹುದಾ? ಯಾವ ಲಕ್ಷಣಕ್ಕೆ ಓಡಬೇಕು, ಯಾವುದಕ್ಕೆ ಸುಮ್ನೆ ಇರಬಹುದು?

ಎಆರ್‌ಟಿ_ಅಕ್ಕ | ರಾತ್ರಿ 10.15

ಕಾಯಬೇಡಿ ಸರ್. ನಾಳೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ನಾನು ಒಂದು ಎಆರ್‌ಟಿ ಸೆಂಟರ್‌ನಲ್ಲಿ ಆಪ್ತ ಸಮಾಲೋಚಕಿ. ತಾರೀಖು ಬರೆದುಕೊಡುವುದು ಆರಾಮಾಗಿ ಇರುವವರಿಗೆ. ಹುಷಾರಿಲ್ಲದವರು ಯಾವ ದಿನ ಬಂದರೂ ನೋಡುತ್ತಾರೆ. "ಇವತ್ತು ನಿಮ್ಮ ದಿನ ಅಲ್ಲ" ಅಂತ ಯಾರಾದರೂ ಅಂದರೆ, ಮೊದಲು ಜ್ವರದ ಮಾತು ತೆಗೆಯಿರಿ.

ನೀವು ಬರೆದ ನಾಲ್ಕೂ ಒಂದೊಂದಾಗಿ ನೋಡಿದರೆ ಸಣ್ಣವೇ. ಪಕ್ಕದಲ್ಲಿ 86 ಅಂತ ಬರೆದು ನೋಡಿದರೆ ಒಂದೂ ಸಣ್ಣದಲ್ಲ. ಆರೋಗ್ಯವಾಗಿ ಇರುವವರಲ್ಲಿ ಸಿಡಿ4 ಸಾಮಾನ್ಯವಾಗಿ 500ರ ಮೇಲೆ ಇರುತ್ತದೆ. 200ಕ್ಕಿಂತ ಕೆಳಗೆ ಹೋದರೆ ಸಾಮಾನ್ಯರಿಗೆ ಏನೂ ಮಾಡದ ರೋಗಾಣುಗಳೂ ತಲೆ ಎತ್ತುತ್ತವೆ. ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಜ್ವರ, ಊತ, ಕೀವು ಇವೆಲ್ಲ ದೇಹ ಸೋಂಕಿನ ವಿರುದ್ಧ ಹೋರಾಡುವಾಗ ಕಾಣುವಂಥವು. ಹೋರಾಡುವ ಶಕ್ತಿಯೇ ಕಡಿಮೆ ಇದ್ದರೆ ಅವೂ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ 99.5 ನೋಡಿ ಸಮಾಧಾನ ಪಡಬೇಡಿ.

ನಾವು ಪ್ರತಿ ಸಲ ಬಂದಾಗಲೂ ನಾಲ್ಕು ಪ್ರಶ್ನೆ ಕೇಳುತ್ತೇವೆ: ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರು ಬರುತ್ತಾ. ಬೇರೆಯವರಿಗಾದರೆ ಎರಡು ವಾರದ ಕೆಮ್ಮು ಇರಬೇಕು ಅಂತ ಲೆಕ್ಕ. ಎಚ್‌ಐವಿ ಇರುವವರಲ್ಲಿ ಒಂದೇ ದಿನದ ಕೆಮ್ಮಾದರೂ ಟಿಬಿ ಪರೀಕ್ಷೆ ಮಾಡಿಸುತ್ತೇವೆ. ನಿಮ್ಮ ಭಾವನವರಿಗೆ ಈಗಾಗಲೇ ಎರಡು ಇವೆ. ತೂಕ ಇಳಿದದ್ದನ್ನೂ ಸೇರಿಸಿದರೆ ಮೂರು.

ಈಗಲೇ ಅವರನ್ನು ಎರಡು ವಿಷಯ ಕೇಳಿ. ತಲೆನೋವು ದಿನದಿಂದ ದಿನಕ್ಕೆ ಏರುತ್ತಿದೆಯಾ? ಮೆಟ್ಟಿಲು ಹತ್ತಿದರೆ ಉಸಿರು ಸಾಕಾಗುತ್ತಿದೆಯಾ?

ಶಿರಾಸೀಮೆ | ರಾತ್ರಿ 10.50

ಕೇಳಿದೆ ಮೇಡಂ. ತಲೆನೋವು ಬರುತ್ತೆ ಹೋಗುತ್ತೆ, ಡೋಲೋ ತಗೊಂಡರೆ ಇಳಿಯುತ್ತೆ ಅಂದರು. ವಾಂತಿ ಇಲ್ಲ. ಮೆಟ್ಟಿಲಿಗೆ ಸ್ವಲ್ಪ ದಮ್ಮು ಬರುತ್ತೆ, ಸುಸ್ತು ಇರಬೇಕು ಅಂದುಕೊಂಡಿದ್ದರಂತೆ. ರಾತ್ರಿ ಬನಿಯನ್ ಒದ್ದೆ ಆಗುತ್ತೆ ಅಂತ ಅಕ್ಕ ಈಗ ಹೇಳಿದಳು. ಇಷ್ಟು ದಿನ ಸೆಖೆ ಅಂತ ಫ್ಯಾನ್ ಜೋರು ಮಾಡುತ್ತಿದ್ದಳಂತೆ.

ಹಳೇ_ಗಿರಾಕಿ | ರಾತ್ರಿ 11.05

ಆ ದಮ್ಮನ್ನು ಸುಮ್ನೆ ಬಿಡಬೇಡಿ ತಮ್ಮಾ. ನಾನು 2008ರಿಂದ ಎಆರ್‌ಟಿ ಮಾತ್ರೆ ತಗೊಳ್ಳುತ್ತಿರುವವನು. ನನ್ನ ಕಥೆ ಶುರುವಾಗಿದ್ದೇ ಹೀಗೆ. ಕಫ ಇಲ್ಲ, ಎದೆನೋವು ಇಲ್ಲ. ಬಚ್ಚಲುಮನೆಯಿಂದ ಕೋಣೆಗೆ ಬರುವಷ್ಟರಲ್ಲಿ ಏದುಸಿರು. ಮಾತಾಡುತ್ತಾ ಇದ್ದರೆ ವಾಕ್ಯ ಮುಗಿಸಲು ಆಗುತ್ತಿರಲಿಲ್ಲ. ಎಕ್ಸ್‌ರೇ ತೆಗೆಸಿದರೆ ಏನೂ ಇಲ್ಲ ಅಂದರು. "ಟೆನ್ಷನ್, ನಿದ್ದೆ ಮಾಡಿ" ಅಂತ ಕಳಿಸಿದರು. ಇನ್ನೊಬ್ಬ ಡಾಕ್ಟರ್ ಬೆರಳಿಗೆ ಕ್ಲಿಪ್ ಹಾಕಿ, ವಾರ್ಡ್ ಉದ್ದಕ್ಕೂ ನಡೆಸಿ ನೋಡಿದರು. ಕೂತಾಗ ಚೆನ್ನಾಗಿದ್ದ ಆಕ್ಸಿಜನ್, ನಡೆದ ಮೇಲೆ 90ರ ಕೆಳಗೆ ಹೋಯ್ತು. ಆಗಲೇ ಪಿಸಿಪಿ ಅಂದರು. ನ್ಯುಮೋಸಿಸ್ಟಿಸ್ ಅನ್ನೋ ಫಂಗಸ್‌ನಿಂದ ಬರುವ ನ್ಯುಮೋನಿಯಾ. ಮೂರು ವಾರ ದೊಡ್ಡ ಡೋಸ್‌ನಲ್ಲಿ ಔಷಧಿ, ಜೊತೆಗೆ ಸ್ಟೀರಾಯ್ಡ್. ಬದುಕಿದೆ.

ನಿಮ್ಮ ಭಾವನಿಗೆ ಕೊಟ್ಟಿರುವ ದೊಡ್ಡ ಬಿಳಿ ಮಾತ್ರೆ ಬಹುಶಃ ಕೋಟ್ರಿಮಾಕ್ಸಜೋಲ್. ನಮ್ಮ ಕಡೆ ಸೆಪ್ಟ್ರಾನ್ ಅಂತಲೇ ಕರೆಯುತ್ತಾರೆ. ಅದು ಈ ಪಿಸಿಪಿ ಬರದ ಹಾಗೆ ತಡೆಯಲು ಕೊಡುವುದು. ಮಿದುಳಿಗೆ ಹೋಗುವ ಟಾಕ್ಸೋಪ್ಲಾಸ್ಮಾವನ್ನೂ ತಡೆಯುತ್ತದೆ. ಅದನ್ನು ದಿನಾ ತಗೊಳ್ತಿದ್ದಾರಾ ಕೇಳಿ. "ಬಿಪಿ ಇಲ್ಲ, ಶುಗರ್ ಇಲ್ಲ, ಇದ್ಯಾಕೆ ಎರಡನೇ ಮಾತ್ರೆ" ಅಂತ ಬಿಡುವವರು ಬಹಳ ಜನ. ಅದನ್ನು ತಗೊಂಡು ಮೈಮೇಲೆ ಕೆಂಪು ದದ್ದು ಬಂದರೂ ತಾವೇ ನಿಲ್ಲಿಸಿ ಸುಮ್ಮನಾಗುತ್ತಾರೆ. ದದ್ದು ಬಂದರೆ ತಕ್ಷಣ ಹೋಗಿ ತೋರಿಸಬೇಕು, ಬದಲಿ ಔಷಧಿ ಇದೆ.

ನಾಳೆ ಆಕ್ಸಿಮೀಟರ್ ಇದ್ದರೆ ತೆಗೆದುಕೊಂಡು ಹೋಗಿ. ಕೋವಿಡ್ ಕಾಲದಲ್ಲಿ ಕೊಂಡಿದ್ದು ಯಾರ ಮನೆಯಲ್ಲಾದರೂ ಬಿದ್ದಿರುತ್ತೆ. ಕೂತು ಒಮ್ಮೆ, ನಡೆದು ಒಮ್ಮೆ ನೋಡಿ.

ಹಿತ್ತಲಗಿಡ | ಮಂಗಳವಾರ, ಬೆಳಿಗ್ಗೆ 6.20

ಇಂಗ್ಲಿಷ್ ಔಷಧಿ ಜೊತೆ ಅಮೃತಬಳ್ಳಿ ಕಷಾಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ. ಇಮ್ಯುನಿಟಿ ತಾನಾಗಿ ಏರುತ್ತದೆ. ಸಣ್ಣ ಜ್ವರಕ್ಕೆಲ್ಲ ಹೆದರಿಸಬೇಡಿ ಮಂದಿಯನ್ನ.

ಹುಬ್ಬಳ್ಳಿ_ಕಸಿ | ಬೆಳಿಗ್ಗೆ 7.05

ಕಷಾಯದ ಸರ್, ತಮ್ಮ ಕಾಳಜಿ ಒಳ್ಳೇದು. ಆದರೆ ನಾನು ಕಿಡ್ನಿ ಕಸಿ ಮಾಡಿಸಿಕೊಂಡವನು. ನನ್ನ ಇಮ್ಯುನಿಟಿ ಏರಿದರೆ ಅದು ಮೊದಲು ಹೊಡೆಯುವುದು ನನ್ನ ತಂಗಿ ಕೊಟ್ಟ ಕಿಡ್ನಿಯನ್ನೇ. ಇನ್ನು ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ. ಲಿವರ್ ಮೊದಲೇ ನಾಲ್ಕು ಮಾತ್ರೆಯ ಭಾರ ಹೊತ್ತಿರುತ್ತದೆ. ಬೇಡ ರೀ.

ಶಿರಾ ಅಣ್ಣಾ, ನಮ್ಮ ಗುಂಪಿನಲ್ಲಿ ಕಾರಣ ಬೇರೆ, ಪಾಡು ಒಂದೇ. ಕಸಿ ಕಿಡ್ನಿ ಉಳಿಯಲೆಂದು ಇಮ್ಯುನಿಟಿ ತಗ್ಗಿಸುವ ಟ್ಯಾಕ್ರೊಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೊಲೋನ್ ಮೂರನ್ನೂ ನುಂಗುವವರಿಗೆ ಜ್ವರ ಬಂದರೂ ಮೈ ಸುಡುವುದಿಲ್ಲ, ಸ್ಟೀರಾಯ್ಡ್ ಅದನ್ನು ಮುಚ್ಚಿಬಿಡುತ್ತದೆ. ನಮ್ಮ ಡಾಕ್ಟರ್ ಹೇಳಿಕೊಟ್ಟಿದ್ದು ಇಷ್ಟೇ: ಆರಾಮಿದ್ದಾಗ ನಿನ್ನ ಲೆಕ್ಕ ಏನು ಅಂತ ತಿಳಕೋ. ತೂಕ ಎಷ್ಟು, ಬಿಪಿ ಎಷ್ಟು, ಮೂತ್ರ ಎಷ್ಟು, ಎಷ್ಟು ದೂರ ನಡೆದರೆ ದಣಿವು. ಅದರಲ್ಲಿ ಬದಲಾವಣೆ ಬಂದು ನಿಂತರೆ ಫೋನ್ ಮಾಡು. ಕಸಿ ಆದ ಮೊದಲ ತಿಂಗಳು ಆಪರೇಷನ್ ಗಾಯದ್ದು, ಆಸ್ಪತ್ರೆಯದು ಸೋಂಕು. ಒಂದರಿಂದ ಆರು ತಿಂಗಳು ಸಿಎಂವಿ ವೈರಸ್, ಫಂಗಸ್ಸು ಇಂಥವಕ್ಕೆ ಒಳ್ಳೇ ಕಾಲ. ಟಿಬಿಗೆ ಕಾಲವೇ ಇಲ್ಲ, ನಮ್ಮ ದೇಶದಲ್ಲಿ ಅದು ಯಾವಾಗ ಬೇಕಾದರೂ ಬರುತ್ತದೆ.

ಕಸಿ ಆದವರು ಓದುತ್ತಿದ್ದರೆ ಇದೊಂದು ಗಮನಿಸಿ. ಬೇರೆ ಡಾಕ್ಟರ್ ಬರೆದ ಯಾವ ಆಂಟಿಬಯಾಟಿಕ್ಕೂ ನಿಮ್ಮ ನೆಫ್ರಾಲಜಿಸ್ಟ್‌ಗೆ ಕೇಳದೆ ನುಂಗಬೇಡಿ. ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್ ತಗೊಂಡರೆ ಟ್ಯಾಕ್ರೊಲಿಮಸ್ ರಕ್ತದಲ್ಲಿ ಏರುತ್ತದೆ. ಟಿಬಿಯ ರಿಫಾಂಪಿಸಿನ್ ತಗೊಂಡರೆ ಪೂರ್ತಿ ಬಿದ್ದುಹೋಗುತ್ತದೆ. ಎರಡರಲ್ಲೂ ಪೆಟ್ಟು ಕಿಡ್ನಿಗೇ.

ಮಂಡ್ಯದ_ಮಗಳು | ಬೆಳಿಗ್ಗೆ 8.30

ಕೀಮೋ ಮನೆಯವರಿಗೆ ಇದರಲ್ಲಿ ಅರ್ಧ ಹೊಂದುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನಿಗೆ ಕೀಮೋ ನಡೆಯುತ್ತಿದೆ. ಅಲ್ಲಿ "ನಾಳೆ ಬೆಳಿಗ್ಗೆ" ಅನ್ನುವ ಮಾತೇ ಇಲ್ಲ. 100.4 ಜ್ವರ ಬಂದು ಒಂದು ಗಂಟೆ ಇಳಿಯದಿದ್ದರೆ, ಇಲ್ಲಾ ಒಂದೇ ಸಲ 101 ತೋರಿಸಿದರೆ, ನಡುರಾತ್ರಿ ಆದರೂ ಎಮರ್ಜೆನ್ಸಿಗೆ. ಕೀಮೋ ಆಗಿ ಒಂದರಿಂದ ಎರಡು ವಾರದ ಹೊತ್ತಿಗೆ ಬಿಳಿ ರಕ್ತಕಣ ತಳಕ್ಕೆ ಇಳಿದಿರುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವ ಬಿಳಿ ಕಣ ನ್ಯೂಟ್ರೋಫಿಲ್ 500ಕ್ಕಿಂತ ಕಡಿಮೆ ಇದ್ದಾಗ ಬ್ಯಾಕ್ಟೀರಿಯಾ ಗಂಟೆಗಳ ಲೆಕ್ಕದಲ್ಲಿ ರಕ್ತಕ್ಕೆ ಹರಡುತ್ತದೆ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಡ್ರಿಪ್ ಶುರುವಾಗಬೇಕು. ಪ್ಯಾರಾಸಿಟಮಾಲ್ ಕೊಟ್ಟು ಕೂತರೆ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ. ಚಳಿ ನಡುಕ ಬಂದರೆ ಥರ್ಮಾಮೀಟರ್ ಏನೇ ತೋರಿಸಲಿ, ಹೊರಡುವುದೇ.

ನಾವು ಎಮರ್ಜೆನ್ಸಿ ಬಾಗಿಲಲ್ಲಿ ಮೊದಲು ಹೇಳುವ ಮಾತು "ಕೀಮೋ ಪೇಷೆಂಟ್, ಜ್ವರ" ಅಂತ. ಬೇರೆ ಮಾತು ಆಮೇಲೆ. ಇಲ್ಲದಿದ್ದರೆ ಚೀಟಿ ಮಾಡಿಸಿ ಕೂರಿ ಅಂತಾರೆ.

ಜಿಲ್ಲಾಸ್ಪತ್ರೆ_ಎಂಡಿ | ಮಧ್ಯಾಹ್ನ 2.10

ಡ್ಯೂಟಿ ಮುಗಿಸಿ ಈಗ ಓದಿದೆ. ಇಲ್ಲಿ ಕುಳಿತು ರೋಗ ಹೇಳಲು ಆಗುವುದಿಲ್ಲ, ಯಾರೂ ಹೇಳಬಾರದು. ಆದರೆ ಸಿಡಿ4 ತೀರಾ ಕಡಿಮೆ ಇರುವವರ ಮನೆಯವರು ಏನು ನೋಡುತ್ತಿರಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಎಆರ್‌ಟಿ_ಅಕ್ಕ ಮತ್ತು ಹಳೇ_ಗಿರಾಕಿ ಟಿಬಿ, ಪಿಸಿಪಿ ಹೇಳಿದ್ದಾರೆ. ನನಗೆ ಜಾಸ್ತಿ ಚಿಂತೆ ತಲೆನೋವಿನದು.

ಕ್ರಿಪ್ಟೊಕಾಕಸ್ ಅನ್ನುವ ಫಂಗಸ್ ಇದೆ. ಪಾರಿವಾಳದ ಹಿಕ್ಕೆ, ಮಣ್ಣು ಇಂಥ ಕಡೆ ಇರುತ್ತದೆ. ಉಸಿರಿನ ಜೊತೆ ನಮ್ಮೆಲ್ಲರ ಒಳಗೂ ಹೋಗುತ್ತದೆ, ಏನೂ ಆಗುವುದಿಲ್ಲ. ಸಿಡಿ4 100ಕ್ಕಿಂತ ಕಡಿಮೆ ಇದ್ದರೆ ಮಿದುಳಿನ ಪೊರೆಗೆ ಹತ್ತುತ್ತದೆ. ಮಿದುಳು ಜ್ವರ ಅಂದರೆ ಕುತ್ತಿಗೆ ಮರದ ಹಾಗೆ ಬಿಗಿಯುತ್ತದೆ, ಜೋರು ಜ್ವರ ಇರುತ್ತದೆ ಅಂತ ಜನ ಕಾಯುತ್ತಾರೆ. ಇದರಲ್ಲಿ ಕುತ್ತಿಗೆ ಬಿಗಿತ ಎಷ್ಟೋ ಜನಕ್ಕೆ ಇರುವುದೇ ಇಲ್ಲ. ಬರೀ ತಲೆನೋವು, ವಾರಗಟ್ಟಲೆ, ನಿಧಾನಕ್ಕೆ ಏರುತ್ತಾ. ಆಮೇಲೆ ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ಬೆಳಕು ಹಿಡಿಸದಿರುವುದು. ಮನೆಯವರು ಮೊದಲು ಗಮನಿಸುವುದು ಬೇರೆಯೇ ಇರುತ್ತದೆ: "ಇವರು ಯಾಕೋ ಮಂಕಾಗಿದ್ದಾರೆ, ಕೇಳಿದ್ದನ್ನೇ ಕೇಳುತ್ತಾರೆ, ಸಿಡುಕುತ್ತಾರೆ." ಅದನ್ನು ಕಾಯಿಲೆಯ ಕೊರಗು ಅಂತ ಬಿಟ್ಟುಬಿಡುತ್ತಾರೆ. ನಾವು ನೋಡುವ ಹೊತ್ತಿಗೆ ಪ್ರಜ್ಞೆ ತಪ್ಪಿರುತ್ತದೆ.

ಒಂದು ಹನಿ ರಕ್ತದಲ್ಲಿ ಮಾಡುವ ಕ್ರಿಪ್ಟೊಕಾಕಲ್ ಆಂಟಿಜೆನ್ ಪರೀಕ್ಷೆ ಇದೆ. ಸಿಡಿ4 100ಕ್ಕಿಂತ ಕಡಿಮೆ ಇದ್ದವರಿಗೆ ತಲೆನೋವು ಇಲ್ಲದಿದ್ದರೂ ಮಾಡಬೇಕಾದದ್ದು. ನಿಮ್ಮ ಭಾವನವರಿಗೆ ಆಗಿದೆಯಾ ಅಂತ ಕೇಳಿ. ಪಾಸಿಟಿವ್ ಬಂದರೆ ಬೆನ್ನಿಂದ ನೀರು ತೆಗೆದು ನೋಡಬೇಕಾಗುತ್ತದೆ. ಇಲ್ಲಿಯೇ ನಮ್ಮ ಜನ ಸಹಿ ಹಾಕದೆ ವಾಪಸ್ ಹೋಗುವುದು. ಬೆನ್ನಿಂದ ನೀರು ತೆಗೆದರೆ ಕಾಲು ಬೀಳುತ್ತದೆ ಅನ್ನುವ ಮಾತು ಊರೂರಲ್ಲೂ ಇದೆ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಈ ಕಾಯಿಲೆಯಲ್ಲಿ ಆ ನೀರು ತೆಗೆಯುವುದು ಪರೀಕ್ಷೆಗೆ ಮಾತ್ರ ಅಲ್ಲ, ಚಿಕಿತ್ಸೆಯೂ ಹೌದು. ತಲೆಯೊಳಗಿನ ಒತ್ತಡ ಇಳಿದು, ನರಳುತ್ತಿದ್ದವರು ಅದೇ ದಿನ ಎದ್ದು ಮಾತಾಡಿದ್ದನ್ನು ನೋಡಿದ್ದೇನೆ.

ಟಾಕ್ಸೋಪ್ಲಾಸ್ಮಾ ಬೇರೆ ರೀತಿ. ತಲೆನೋವಿನ ಜೊತೆ ಒಂದು ಕೈ ಸೋಲುವುದು, ಮಾತು ತೊದಲುವುದು, ಫಿಟ್ಸ್. ಅದನ್ನು ಲಕ್ವ ಅಂದುಕೊಂಡು ನಾಟಿ ಔಷಧಿಗೆ ಹೋಗಿ ದಿನ ಕಳೆಯುತ್ತಾರೆ. 42 ವರ್ಷದವರಿಗೆ ಬಿಪಿ, ಶುಗರ್ ಇಲ್ಲದೆ ಲಕ್ವ ಹೊಡೆದರೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಬೇಕು.

ಕಣ್ಣು: ಸಿಡಿ4 50ಕ್ಕಿಂತ ಕೆಳಗೆ ಇದ್ದರೆ ಸಿಎಂವಿ ವೈರಸ್ ಕಣ್ಣಿನ ಹಿಂಭಾಗದ ಪರದೆಯನ್ನು ತಿನ್ನುತ್ತದೆ. ನೋವಿಲ್ಲ, ಕೆಂಪಿಲ್ಲ. ಕಪ್ಪು ಚುಕ್ಕಿ ತೇಲುವುದು, ಮಿಂಚು ಹೊಡೆದ ಹಾಗಾಗುವುದು, ಒಂದು ಬದಿ ಮಬ್ಬು. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ತೊಂದರೆ ಗೊತ್ತಾಗುವುದಿಲ್ಲ. ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರ್ ಓದಿಸಿ. ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡುವ ಪರೀಕ್ಷೆ ಮಾಡಿಸಬೇಕು, ಕನ್ನಡಕದ ಅಂಗಡಿಯ ಪರೀಕ್ಷೆ ಸಾಲದು.

ನಾಲಿಗೆಯ ಬಿಳಿ ಬಹುಶಃ ಕ್ಯಾಂಡಿಡಾ. ಅದಕ್ಕೆ ಸುಲಭದ ಔಷಧಿ ಇದೆ. ಆದರೆ ಅನ್ನ ನುಂಗುವಾಗ ಎದೆಯ ಹಿಂದೆ ನೋವು, ಉರಿ ಇದ್ದರೆ ಅದು ಅನ್ನನಾಳಕ್ಕೆ ಇಳಿದಿದೆ ಅಂತ ಅರ್ಥ. ಬರೀ ಬಾಯಿಗೆ ಹಚ್ಚುವ ಮುಲಾಮು ಅಲ್ಲಿ ಕೆಲಸ ಮಾಡುವುದಿಲ್ಲ. ಭೇದಿಯೂ ಹಾಗೆಯೇ. ವಾರಗಟ್ಟಲೆ ನೀರಾಗಿ ಹೋಗುತ್ತಿದ್ದರೆ ಓಆರ್‌ಎಸ್ ಕೊಡುತ್ತಲೇ ಮಲ ಪರೀಕ್ಷೆ ಮಾಡಿಸಿ. ಕ್ರಿಪ್ಟೊಸ್ಪೋರಿಡಿಯಂ ಅನ್ನುವ ಪರಜೀವಿ ಕ್ಲೋರಿನ್ ಹಾಕಿದ ನೀರಿನಲ್ಲೂ ಬದುಕುತ್ತದೆ, ಹಾಗಾಗಿ ನೀರು ಕುದಿಸಿಯೇ ಕುಡಿಯಲಿ.

ಇನ್ನು 108ಕ್ಕೆ ಫೋನ್ ಮಾಡಬೇಕಾದದ್ದು ಯಾವಾಗ? ಕೂತಲ್ಲೇ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರು, ನಾಡಿ 120ರ ಮೇಲೆ, ಜ್ವರ 102ರ ಮೇಲೆ, ಯಾರೂ ಹಿಡಿದುಕೊಳ್ಳದೆ ನಡೆಯಲಾಗದ ಸ್ಥಿತಿ. ಇದರಲ್ಲಿ ಒಂದೇ ಇದ್ದರೂ ಸಾಕು. ಫಿಟ್ಸ್, ಪ್ರಜ್ಞೆಯಲ್ಲಿ ಏರುಪೇರು ಹೇಳಲೇಬೇಕಿಲ್ಲ.

ಬೆಣ್ಣೆದೋಸೆ | ಸಂಜೆ 5.45

ಡಾಕ್ಟ್ರೇ, ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ. ನಮ್ಮ ಚಿಕ್ಕಪ್ಪನಿಗೆ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್, ಸ್ಟೀರಾಯ್ಡ್ ನಡೆಯುತ್ತಿದೆ. ನಿನ್ನೆಯಿಂದ ಹಣೆಯ ಒಂದು ಬದಿ ಗುಳ್ಳೆ ಎದ್ದಿದೆ, ಉರಿ ತಡೆಯಲಾಗುತ್ತಿಲ್ಲ. ಸರ್ಪಸುತ್ತು ಅಂತ ಊರಲ್ಲಿ ಕೆಮ್ಮಣ್ಣು ಹಚ್ಚಿಸಿ ಮಂತ್ರ ಹಾಕಿಸಿದ್ದಾರೆ. ತಲೆ ಬಾಲ ಸೇರುವುದರೊಳಗೆ ವಾಸಿಯಾಗಬೇಕು ಅಂತಾರೆ. ಇದೂ ಇಮ್ಯುನಿಟಿ ಕಡಿಮೆ ಆದದ್ದಕ್ಕೇ ಬರುವುದಾ?

ಜಿಲ್ಲಾಸ್ಪತ್ರೆ_ಎಂಡಿ | ಸಂಜೆ 6.00

ಇವತ್ತೇ ಹೊರಡಿ. ಸರ್ಪಸುತ್ತು ಗಟ್ಟಿ ಇರುವವರಿಗೂ ಬರುತ್ತದೆ, ಆದರೆ ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಜಾಸ್ತಿ ಬರುತ್ತದೆ, ಜಾಸ್ತಿ ಹರಡುತ್ತದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ಔಷಧಿ ಶುರುವಾದರೆ ಒಳ್ಳೆಯದು. ತಡವಾದರೂ ಇಂಥವರಿಗೆ ಕೊಡುತ್ತೇವೆ. ಹಣೆಯದು ಅಂದರೆ ಕಣ್ಣಿಗೂ ಹೋಗಬಹುದು. ಮೂಗಿನ ತುದಿಯಲ್ಲಿ ಗುಳ್ಳೆ ಇದೆಯಾ ನೋಡಿ, ಇದ್ದರೆ ಕಣ್ಣಿನ ಡಾಕ್ಟರಿಗೂ ಇವತ್ತೇ ತೋರಿಸಬೇಕು. ತಲೆ ಬಾಲ ಸೇರುವುದಕ್ಕೆ ಹೆದರಬೇಡಿ, ಅದು ಒಂದು ನರದ ಜಾಡಿನಲ್ಲಿ ಒಂದೇ ಬದಿ ಬರುತ್ತದೆ. ನಡುಗೆರೆ ದಾಟಿ ಮೈಯೆಲ್ಲ ಎದ್ದರೆ ಮಾತ್ರ ಅಪಾಯ. ಮಂತ್ರ ಹಾಕಿಸಿದ್ದಕ್ಕೆ ನನ್ನ ತಕರಾರಿಲ್ಲ. ಕೆಮ್ಮಣ್ಣು ತೊಳೆದು ಕರೆತನ್ನಿ, ಒಡೆದ ಗುಳ್ಳೆಗೆ ಮಣ್ಣು ಬೇಡ. ಸ್ಟೀರಾಯ್ಡ್ ಅನ್ನು ನೀವಾಗಿ ನಿಲ್ಲಿಸಬೇಡಿ.

ಕುಂದಾಪ್ರದವ | ರಾತ್ರಿ 8.15

ನಮ್ಮ ಕರಾವಳಿಯದ್ದೂ ಒಂದು ಸೇರಿಸುತ್ತೇನೆ. ಇಮ್ಯುನಿಟಿ ಕಡಿಮೆ ಅಂದ್ರೆ ಎಚ್‌ಐವಿ, ಕ್ಯಾನ್ಸರ್ ಅಂತಷ್ಟೇ ಜನ ತಿಳಿದುಕೊಂಡಿದ್ದಾರೆ. ಹತೋಟಿಯಲ್ಲಿ ಇಲ್ಲದ ಶುಗರ್ ಕೂಡ ಅದೇ ಕೆಲಸ ಮಾಡುತ್ತದೆ ಅಲ್ವಾ? ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಅಂತ ಬರುತ್ತದೆ. ಗದ್ದೆಯ ಕೆಸರು, ನೀರಿನಲ್ಲಿರುವ ಬ್ಯಾಕ್ಟೀರಿಯಾ. ಬರಿಗಾಲಲ್ಲಿ ಗದ್ದೆಗೆ ಇಳಿಯುವ ಶುಗರ್ ಇರುವವರಿಗೆ ಜಾಸ್ತಿ. ನಮ್ಮ ಮಾವನವರಿಗೆ ಜ್ವರ, ಕೆಮ್ಮು, ತೂಕ ಇಳಿತ ಎಲ್ಲ ನೋಡಿ ಟಿಬಿ ಅಂತ ಮಾತ್ರೆ ಶುರು ಮಾಡಿದ್ದರು. ಕಫದಲ್ಲಿ ಟಿಬಿ ಕಂಡಿರಲಿಲ್ಲ. ಆಮೇಲೆ ಸ್ಕ್ಯಾನಿನಲ್ಲಿ ಪಿತ್ತಕೋಶದಲ್ಲಿ, ಗುಲ್ಮದಲ್ಲಿ ಕೀವು ಸಿಕ್ಕಿತು. ಕಲ್ಚರ್ ಮಾಡಿದಾಗ ಗೊತ್ತಾಯಿತು. ವಾರಗಟ್ಟಲೆ ಇಂಜೆಕ್ಷನ್, ಮತ್ತೆ ತಿಂಗಳುಗಟ್ಟಲೆ ಅದೇ ಕೋಟ್ರಿಮಾಕ್ಸಜೋಲ್.

2021ರಲ್ಲಿ ಕೋವಿಡ್ ಆದ ಮೇಲೆ ಕಪ್ಪು ಫಂಗಸ್ ಬಂದಿದ್ದೂ ಹೀಗೇ, ಶುಗರ್ ಮತ್ತು ಸ್ಟೀರಾಯ್ಡ್ ಎರಡೂ ಸೇರಿದ ಕಡೆ. ಕೆನ್ನೆಯ ಒಂದೇ ಬದಿ ನೋವು, ಒಂದೇ ಮೂಗು ಕಟ್ಟುವುದು, ಕಪ್ಪು ಸಿಂಬಳ, ಹಲ್ಲು ಅಲುಗುವುದು, ಕಣ್ಣು ಊದುವುದು. ಕೋವಿಡ್ ಹೋಯಿತು, ಆ ಫಂಗಸ್ ಎಲ್ಲಿಗೂ ಹೋಗಿಲ್ಲ. ಶುಗರ್ 400 ಇಟ್ಟುಕೊಂಡು ಸೈನಸ್ ಅಂತ ಹಬೆ ತಗೊಳ್ಳುವವರು ಇನ್ನೂ ಇದ್ದಾರೆ.

ಜಿಲ್ಲಾಸ್ಪತ್ರೆ_ಎಂಡಿ | ರಾತ್ರಿ 8.40

ಸರಿಯಾಗಿ ಹೇಳಿದಿರಿ. ಪಿತ್ತಕೋಶ ಅಂತ ಬರೆದಿದ್ದೀರಿ, ಲಿವರ್ ಅಂತ ಓದಿಕೊಳ್ಳುತ್ತೇನೆ. ಘಟ್ಟದ ಮೇಲಿನವರಿಗೆ ಈ ಕಾಯಿಲೆಯ ನೆನಪೇ ಬರುವುದಿಲ್ಲ. ಕರಾವಳಿಯಿಂದ ಬಂದವರು, ಗದ್ದೆ ಕೆಲಸ ಮಾಡುವವರು ಅದನ್ನೂ ಡಾಕ್ಟರಿಗೆ ಹೇಳಬೇಕು.

ಶಿರಾಸೀಮೆ | ಗುರುವಾರ, ರಾತ್ರಿ 9.10

ಎಲ್ಲರಿಗೂ ಕೈಮುಗಿದೆ. ಮಂಗಳವಾರವೇ ಕರೆದುಕೊಂಡು ಹೋದೆ. ಎಆರ್‌ಟಿ ಡಾಕ್ಟರ್ ಜ್ವರ ಅಂದ ತಕ್ಷಣ ಒಳಗೆ ಕರೆದರು. ನಡೆಸಿ ಆಕ್ಸಿಜನ್ ನೋಡಿದರು, ಇಳಿಯಲಿಲ್ಲ. ಕ್ರಿಪ್ಟೊಕಾಕಲ್ ಪರೀಕ್ಷೆ ನೆಗೆಟಿವ್. ಕಣ್ಣೂ ಸರಿ ಇದೆ. ಕುತ್ತಿಗೆಯಲ್ಲಿ ಗಂಟು ಇದ್ದಿದ್ದು ಅವರು ಮುಟ್ಟಿ ನೋಡಿದಾಗಲೇ ನಮಗೆ ಗೊತ್ತಾಗಿದ್ದು. ಎಕ್ಸ್‌ರೇಯಲ್ಲಿ ಹೆಚ್ಚೇನೂ ಇರಲಿಲ್ಲ, ಆದರೆ ಮೂತ್ರದಲ್ಲಿ ಮಾಡುವ ಟಿಬಿ ಪರೀಕ್ಷೆ ಪಾಸಿಟಿವ್. ಕಫದಲ್ಲಿ ಮಾಡುವ ಸಿಬಿನಾಟ್ ಅನ್ನೋ ಪರೀಕ್ಷೆಯಲ್ಲೂ ಟಿಬಿ ಬಂತು, ರಿಫಾಂಪಿಸಿನ್ ಕೆಲಸ ಮಾಡುವಂಥದ್ದೇ ಅಂದರು. ಇವತ್ತಿನಿಂದ ಟಿಬಿ ಮಾತ್ರೆ ಶುರು.

ಈಗ ಮನೆಯಲ್ಲಿ ಹೊಸ ಜಗಳ. "ಮಾತ್ರೆ ತಗೊಳ್ಳೋ ಮುಂಚೆ ಜ್ವರ ಇರಲಿಲ್ಲ, ಗಂಟು ಇರಲಿಲ್ಲ, ಎಲ್ಲ ಈ ಎಆರ್‌ಟಿಯಿಂದಲೇ ಬಂದಿದ್ದು, ನಿಲ್ಲಿಸಿ" ಅಂತ ಅಕ್ಕ ಅಳುತ್ತಾಳೆ. ಏನು ಹೇಳಲಿ?

ಜಿಲ್ಲಾಸ್ಪತ್ರೆ_ಎಂಡಿ | ರಾತ್ರಿ 9.55

ಅಕ್ಕನವರು ಗಮನಿಸಿದ್ದು ಸುಳ್ಳಲ್ಲ. ಟಿಬಿ ಮೊದಲೇ ಒಳಗಿತ್ತು. ದೇಹಕ್ಕೆ ಅದನ್ನು ಎದುರಿಸುವ ಶಕ್ತಿ ಇರಲಿಲ್ಲ, ಹಾಗಾಗಿ ಜ್ವರವೂ ಇರಲಿಲ್ಲ. ಎಆರ್‌ಟಿಯಿಂದ ಶಕ್ತಿ ಮರಳುತ್ತಿದ್ದಂತೆ ದೇಹ ಅದರ ಮೇಲೆ ತಿರುಗಿಬಿತ್ತು. ಜ್ವರ, ಗಂಟು ಎದ್ದವು. ಇದಕ್ಕೆ ಐರಿಸ್ ಅನ್ನುತ್ತಾರೆ. ಸಿಡಿ4 ತೀರಾ ಕಡಿಮೆ ಇದ್ದಾಗ ಶುರು ಮಾಡಿದವರಲ್ಲಿ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ ಕಾಣುತ್ತದೆ. ಟಿಬಿ ಮಾತ್ರೆ ಶುರುವಾದ ಮೇಲೂ ಗಂಟು ದೊಡ್ಡದಾಗಬಹುದು, ಜ್ವರ ಮರುಕಳಿಸಬಹುದು. ಹಾಗಾದಾಗ ಎರಡರಲ್ಲಿ ಯಾವ ಮಾತ್ರೆಯನ್ನೂ ಮನೆಯಲ್ಲೇ ತೀರ್ಮಾನ ಮಾಡಿ ನಿಲ್ಲಿಸಬೇಡಿ. ಬನ್ನಿ, ನೋಡಿ ಬೇಕಾದರೆ ಸ್ಟೀರಾಯ್ಡ್ ಕೊಡುತ್ತಾರೆ. ತಲೆನೋವು ಏರಿದರೆ ಮಾತ್ರ, ಮೊನ್ನೆ ಪರೀಕ್ಷೆ ನೆಗೆಟಿವ್ ಬಂದಿತ್ತು ಅಂತ ಸುಮ್ಮನಿರಬೇಡಿ. ಟಿಬಿ ಕೂಡ ಮಿದುಳಿಗೆ ಹೋಗುತ್ತದೆ.

ಹಳೇ_ಗಿರಾಕಿ | ರಾತ್ರಿ 10.05

ತಂಗೀ (ಶಿರಾ ತಮ್ಮನ ಅಕ್ಕ ಓದಿದರೆ), ನನಗೂ ನನ್ನ ಹೆಂಡತಿ ಇದೇ ಮಾತು ಹೇಳಿದ್ದಳು. ಹದಿನೈದು ವರ್ಷದ ಮೇಲಾಯ್ತು, ಈಗಲೂ ಅವಳೇ ರಾತ್ರಿ ಮಾತ್ರೆ ಡಬ್ಬಿ ತಂದಿಡುವುದು.

ಎಆರ್‌ಟಿ_ಅಕ್ಕ | ರಾತ್ರಿ 10.20

ಸರ್, ಒಂದು ಮುಖ್ಯ ವಿಷಯ ವಿಚಾರಿಸಿಕೊಳ್ಳಿ. ರಿಫಾಂಪಿಸಿನ್ ಇದ್ದಾಗ ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ರಕ್ತದಲ್ಲಿ ಕಡಿಮೆಯಾಗುತ್ತದೆ. ಅದಕ್ಕೆ ಟಿಎಲ್‌ಡಿ ತಗೊಂಡ 12 ಗಂಟೆಗೆ ಡೊಲುಟೆಗ್ರಾವಿರ್ 50 ಒಂದು ಮಾತ್ರೆ ಬೇರೆಯಾಗಿ ಕೊಡುತ್ತಾರೆ. ಟಿಬಿ ಮಾತ್ರೆ ಮುಗಿದ ಎರಡು ವಾರದವರೆಗೂ ಅದು ಬೇಕು. ಕೊಟ್ಟಿದ್ದಾರಾ? ಕ್ಯಾಲ್ಸಿಯಂ, ಐರನ್, ಅಸಿಡಿಟಿ ಸಿರಪ್ಪು ಆ ಮಾತ್ರೆಯ ಜೊತೆಗೇ ತಗೊಳ್ಳುವುದು ಬೇಡ, ಅಂತರ ಎಷ್ಟು ಅಂತ ಅಲ್ಲೇ ಕೇಳಿಕೊಳ್ಳಿ.

ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಅಕ್ಕನಿಗೂ ಟಿಬಿ ತಪಾಸಣೆ ಆಗಬೇಕು. ಇಲ್ಲ ಅಂತ ಖಚಿತ ಆದ ಮೇಲೆ ಬರದಂತೆ ತಡೆಯುವ ಮಾತ್ರೆ ಕೊಡುತ್ತಾರೆ. ಭಾವನವರು ಸದ್ಯಕ್ಕೆ ಮಾಸ್ಕ್ ಹಾಕಲಿ, ಕಿಟಕಿ ತೆಗೆದಿಡಿ. ತಟ್ಟೆ ಲೋಟ ಬೇರೆ ಮಾಡುವ ಅಗತ್ಯ ಇಲ್ಲ, ದಯವಿಟ್ಟು ಮಾಡಬೇಡಿ. ಸರ್ಕಾರದ ಟಿಬಿ ನೋಂದಣಿ ಪೋರ್ಟಲ್ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿದ ಮೇಲೆ ಊಟದ ಖರ್ಚಿಗೆ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಮೊದಲು 500 ಇತ್ತು, 2024ರ ನವೆಂಬರ್‌ನಿಂದ ಜಾಸ್ತಿ ಮಾಡಿದ್ದಾರೆ. ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿದ್ದೀರಾ ನೋಡಿ.

ಇನ್ನು ಬೀದಿ ಕೊನೆಯ ಕ್ಲಿನಿಕ್ ವಿಷಯ. ಅಲ್ಲಿ ಹೇಳಲು ಮುಜುಗರ ಆದರೆ "ನನ್ನ ರೋಗನಿರೋಧಕ ಶಕ್ತಿ ತುಂಬಾ ಕಡಿಮೆ ಇದೆ, ಮಾತ್ರೆ ನಡೀತಿದೆ" ಅಂತಾದರೂ ಹೇಳಿ, ಮಾತ್ರೆ ಡಬ್ಬಿ ತೋರಿಸಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಅವರು ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳುವಂತಿಲ್ಲ, ಈ ಕಾರಣಕ್ಕೆ ಚಿಕಿತ್ಸೆ ಇಲ್ಲ ಅನ್ನುವಂತೆಯೂ ಇಲ್ಲ. ತೊಂದರೆ ಆದರೆ 1097ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಶಿರಾಸೀಮೆ | ಶುಕ್ರವಾರ, ಬೆಳಿಗ್ಗೆ 7.30

ಆ 50ರ ಮಾತ್ರೆ ಕೊಟ್ಟಿದ್ದಾರೆ ಮೇಡಂ. ರಾತ್ರಿ 9ಕ್ಕೆ ಟಿಎಲ್‌ಡಿ, ಬೆಳಿಗ್ಗೆ 9ಕ್ಕೆ ಇದು ಅಂತ ಚೀಟಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದೆ. ಮಕ್ಕಳನ್ನು ಸೋಮವಾರ ಕರೆದುಕೊಂಡು ಹೋಗುತ್ತೇವೆ. ಅಕ್ಕ ಡಾಕ್ಟರ್ ಬರೆದದ್ದು ಓದಿದಳು, ಮಾತ್ರೆ ನಿಲ್ಲಿಸುವ ಮಾತು ಸದ್ಯಕ್ಕೆ ಎತ್ತುತ್ತಿಲ್ಲ. ಆದರೆ ಬೆಳಿಗ್ಗೆಯಿಂದ ಮತ್ತೆ ಗಾಬರಿ. ಭಾವನ ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಗುತ್ತಿದೆ, ರಕ್ತ ಇರಬೇಕು ಅಂತಾಳೆ.

ಎಆರ್‌ಟಿ_ಅಕ್ಕ | ಬೆಳಿಗ್ಗೆ 7.45

ಅದು ರಿಫಾಂಪಿಸಿನ್ ಬಣ್ಣ. ಬೆವರು, ಕಣ್ಣೀರಿಗೂ ಬರುತ್ತದೆ, ಬಿಳಿ ಬನಿಯನ್ ಕಲೆ ಆದೀತು. ಗಾಬರಿ ಬೇಡ. ಕಣ್ಣಿನ ಬಿಳಿ ಭಾಗ ಹಳದಿ ಆದರೆ, ವಾಂತಿ ಶುರುವಾಗಿ ಊಟ ಸೇರದಿದ್ದರೆ, ಬಲಗಡೆ ಹೊಟ್ಟೆ ನೋವು ಬಂದರೆ ಅದು ಲಿವರ್ ವಿಷಯ. ಆಗ ಮುಂದಿನ ಡೋಸ್ ತಗೊಳ್ಳುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ, ಅವತ್ತೇ ಬಂದು ತೋರಿಸಿ.